ಭಾನುವಾರ ಅಮ್ಮಮ್ಮನ ಅಡುಗೆ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಅಮ್ಮಮ್ಮನ ನೆನಪಿಗೆ ಶಿರಸಿ ಮನೆಯಲ್ಲಿ ಸೇರೋಣ. ಊಟಕ್ಕೆ ಅವಳದ್ದೇ ಅಡುಗೆ: ಅಪ್ಪೆಹುಳಿ, ಒಂದೆಲಗದ ತಂಬುಳಿ, ತೊಡೆದೇವು. ಬೆಳಿಗ್ಗೆ 8ಕ್ಕೆ ಒಲೆ ಹಚ್ಚುತ್ತೇವೆ.

ತೊಡೆದೇವಿಗೆ ಅಕ್ಕಿ ಮೊದಲೇ ನೆನೆಸಬೇಕು, ಅದನ್ನು ದೊಡ್ಡತ್ತೆ ನೋಡಿಕೊಳ್ಳುತ್ತಾರೆ. ಕವುಚಿಟ್ಟ ಬಿಸಿ ಗಡಿಗೆಯ ಮೇಲೆ ಹಿಟ್ಟು ಬಳಿಯುವುದನ್ನು ಈ ಸಲ ಮಕ್ಕಳು ಕಲಿಯಲೇಬೇಕು. ಅಮ್ಮಮ್ಮ ಬಟ್ಟೆ ಅದ್ದಿ ಒಮ್ಮೆ ಎಳೆದರೆ ಸಾಕು, ಕಾಗದದಷ್ಟು ತೆಳ್ಳಗೆ ಏಳುತ್ತಿತ್ತು, ಅಲ್ವಾ? ನಮ್ಮಲ್ಲಿ ಆ ಕೈ ಈಗ ಚಿಕ್ಕಮ್ಮನಿಗೆ ಮಾತ್ರ ಇದೆ.

ಜೋನಿಬೆಲ್ಲ, ಹುಳಿ ಮಾವಿನಕಾಯಿ ಇದ್ದವರು ದಯವಿಟ್ಟು ತನ್ನಿ. ಹಳೆ ಫೋಟೋ ಇದ್ದರೆ ಅದನ್ನೂ ತನ್ನಿ. ಒಂದೆಲಗ ನಮ್ಮ ತೋಟದಲ್ಲೇ ಬೇಕಾದಷ್ಟಿದೆ.

ಎಷ್ಟು ಜನ ಬರುತ್ತೀರಿ ಎಂದು ಗುರುವಾರದೊಳಗೆ ಇಲ್ಲೇ ತಿಳಿಸಿ. ಬರಲಾಗದವರು ಅವಳ ಅಡುಗೆಯ ಒಂದು ನೆನಪನ್ನು ವಾಯ್ಸ್ ಮೆಸೇಜ್ ಮಾಡಿ, ಊಟದ ಹೊತ್ತಿಗೆ ಎಲ್ಲರಿಗೂ ಕೇಳಿಸುತ್ತೇವೆ.