ಚಿಕ್ಕಪ್ಪನಿಗೆ, ಮತ್ತೆ ಉಳಿದೆಲ್ಲರಿಗೂ

ನಕ್ಷೆ ಮಂಜೂರಾಯಿತು. ವಿಶ್ವವಿದ್ಯಾಲಯದ ಸಾಗರ ಸಂಶೋಧನಾ ಕಟ್ಟಡಕ್ಕೆ ಮಳೆಗಾಲ ಮುಗಿದ ಮೇಲೆ ಕರಾವಳಿಯಲ್ಲಿ ಗುದ್ದಲಿ ಪೂಜೆ. 1933ರ ನಂತರ ನಮ್ಮ ಮಾರಿಕಣಿವೆ ಅಣೆಕಟ್ಟು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅದನ್ನು ನೋಡೋಕೆ ಬುತ್ತಿ ಕಟ್ಟಿಕೊಂಡು ಹೋದ ಚಿತ್ರದುರ್ಗದವಳು ನಾನು. ನನ್ನನ್ನು ನಂಬಿ ಸಮುದ್ರದ ಕೆಲಸ ಕೊಟ್ಟ ಪುಣ್ಯಾತ್ಮರಿಗೆ ಮೊದಲ ನಮಸ್ಕಾರ.

ಉಪ್ಪುನೀರು ಎರಚೋ ಕಡೆ ಸರಳಿಗೆ ತುಕ್ಕು ಗ್ಯಾರಂಟಿ, ಅದರ ಮೇಲಿನ 50 ಮಿಲಿಮೀಟರ್ ಕಾಂಕ್ರೀಟ್ ಕವರ್‌ನಲ್ಲಿ ಒಂದು ನೂಲೂ ಬಿಡಲ್ಲ ಎಂದು ಹಟ ಹಿಡಿದ ಸ್ಟ್ರಕ್ಚರಲ್ ಎಂಜಿನಿಯರ್, ತೊಟ್ಟಿಗೆ ಬರುವ ನೀರು ತಾಮ್ರ, ಹಿತ್ತಾಳೆ ಮುಟ್ಟಿದರೆ ಸಿಗಡಿ ಮರಿ ಉಳಿಯಲ್ಲ ಎಂದು ಬಿಡಿಸಿ ಹೇಳಿದ ಪ್ರೊಫೆಸರ್, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಕಡತದ ಹಿಂದೆ ಅಲೆದ ಗೆಳತಿ, ಆಫೀಸಿನ ಹುಡುಗರು, ಎಲ್ಲರಿಗೂ ಕೈ ಮುಗಿದೆ.

ಇನ್ನು ಚಿಕ್ಕಪ್ಪ.

ಅಪ್ಪನ ವಿಷಯ ನಿಮಗೆಲ್ಲ ಗೊತ್ತಿದೆ, ಮತ್ತೆ ಬರೆಯಲ್ಲ. ಅಂತಿಮ ನಕ್ಷೆ ಕಳಿಸಬೇಕಿದ್ದ ಹಿಂದಿನ ರಾತ್ರಿ ಐಸಿಯು ಹೊರಗೆ ಕೂತಿದ್ದೆ. ಪಕ್ಕದಲ್ಲಿ, ಜೀವನವಿಡೀ ಬೋರ್‌ವೆಲ್ ಮೋಟಾರ್ ಎತ್ತಿ ಇಳಿಸಿದ ಚಿಕ್ಕಪ್ಪ. ಅವರು ಸಮುದ್ರ ನೋಡಿದ್ದು ಮುರ್ಡೇಶ್ವರಕ್ಕೆ ಹೋದಾಗ ಮಾತ್ರ. ನನ್ನ ಮನಸ್ಸು ಬೇರೆ ಕಡೆ ಹರಿಯಲಿ ಅಂತಲೋ ಏನೋ, ಸಮುದ್ರದ ನೀರು ತರೋ ಪೈಪ್‌ಲೈನಿನ ಹಾಳೆ ಬಿಡಿಸಿ ತೊಡೆ ಮೇಲೆ ಹರಡಿಕೊಂಡರು. ಗ್ರೀಸ್ ಕೂತ ಉಗುರಿನಲ್ಲಿ ಪಂಪ್‌ಹೌಸ್‌ವರೆಗೂ ಗೆರೆ ಹಿಡಿದು ಬಂದು, ‘ಇದು ಕಟ್ಕೊಂಡ್ರೆ ಎಲ್ಲಿ ಬಿಚ್ತೀಯವ್ವಾ?’ ಅಂದರು.

ಅಲ್ಲಿ ಕಟ್ಟಿಕೊಳ್ಳೋದು ನಮ್ಮ ಬೋರ್ ನೀರಿನ ಸುಣ್ಣವಲ್ಲ, ಜೀವ ಇರೋ ಚಿಪ್ಪುಗಳು ಎಂದೆ. ಅದಕ್ಕೇ ಎರಡು ಲೈನು. ಒಂದು ಓಡುವಾಗ ಇನ್ನೊಂದನ್ನು ಮುಚ್ಚಿಟ್ಟರೆ ಒಳಗಿನ ಆಮ್ಲಜನಕ ಮುಗಿದು ಅವು ಸಾಯುತ್ತವೆ, ಆಮೇಲೆ ತೊಳೆಯೋದು.

‘ಸತ್ತರೆ ಚಿಪ್ಪು ತಾನಾಗೇ ಈಚೆ ಬರ್ತದಾ? ತಿರುವು ಇರೋ ಕಡೆಯೆಲ್ಲ ಬೋಲ್ಟ್ ಬಿಚ್ಚೋ ಫ್ಲಾಂಜ್ ಜೋಡಣೆ ಕೊಡು. ಒಬ್ಬ ಆಳು ಕೂತು ಸ್ಪ್ಯಾನರ್ ತಿರುಗ್ಸೋ ಜಾಗ ಬಿಡು.’

ಬೆಳಗಿನ ಜಾವದವರೆಗೂ ಅವರು ಹೇಳುತ್ತಾ ಹೋದರು, ನಾನು ಲ್ಯಾಪ್‌ಟಾಪ್‌ನಲ್ಲಿ ಹಾಕುತ್ತಾ ಹೋದೆ. ಕಮಿಟಿಯಲ್ಲಿ ಪ್ರಶ್ನೆಯೇ ಬರದ ಹಾಳೆ ಅದೊಂದೇ.

ನಡುವೆ ನರ್ಸ್ ಬಂದು ಸಹಿ ಕೇಳಿದರು. ಕೈ ಏಳಲಿಲ್ಲ. ಸಮುದ್ರವೂ ಬೇಡ, ಕಟ್ಟಡವೂ ಬೇಡ, ಅಪ್ಪ ಎದ್ದು ಒಂದ್ಸಲ ಬೈದರೆ ಸಾಕು ಅನ್ನಿಸಿ ಜೋರಾಗಿ ಅತ್ತುಬಿಟ್ಟೆ. ಸಹಿ ಚಿಕ್ಕಪ್ಪನೇ ಹಾಕಿದರು. ಅವರ ಕೈಯೂ ನಡುಗುತ್ತಿತ್ತು. ಒಳಗಿದ್ದದ್ದು ಅವರ ಒಡಹುಟ್ಟಿದ ಅಣ್ಣ. ಆದರೂ ರಾತ್ರಿಯೆಲ್ಲ ಫ್ಲಾಂಜಿನ ಮಾತಾಡಿದರು.

ಅಪ್ಪ ಈಗ ಮನೆಯಲ್ಲಿದ್ದಾರೆ, ಸಾರಿಗೆ ಉಪ್ಪು ಕಮ್ಮಿ ಎಂದು ಅಮ್ಮನ ಮೇಲೆ ದಿನಾ ರೇಗುತ್ತಾರೆ. ಪೂಜೆಗೆ ಬನ್ನಿ ಎಂದು ಚಿಕ್ಕಪ್ಪನನ್ನು ಕರೆದೆ. ‘ಗುದ್ದಲಿ ನೋಡೋಕೆ ಅಷ್ಟು ದೂರ ಯಾಕವ್ವಾ? ಪಂಪ್ ಕೂರ್ಸೋ ದಿನ ಹೇಳು, ಬರ್ತೀನಿ’ ಅಂದರು.