ತಡವಾದರೆ ಮುಖಭಂಗವೇ?

ಸಂಪಾದಕರೇ,

ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಇಸ್ರೋದ ಗಗನಯಾನ ಮತ್ತೆ ಮುಂದಕ್ಕೆ ಹೋದ ಸುದ್ದಿಗೆ 'ಮುಖಭಂಗ' ಅಂತ ತಲೆಬರಹ ಕೊಟ್ಟಿದ್ದೀರಿ. ಓದಿ ಬೇಜಾರಾಯಿತು. ನಾನು ವಿಜ್ಞಾನಿ ಏನಲ್ಲ. ಬಾಗಲಕೋಟೆ ಕಡೆಯವನು, ಇಲ್ಲಿ ಪುಣೆಯ ಭೋಸರಿಯ ಒಂದು ಕಾರ್ಖಾನೆಯಲ್ಲಿ 31 ವರ್ಷ ಫಿಟ್ಟರ್ ಆಗಿದ್ದು ರಿಟೈರ್ ಆದವನು. ಆದರೆ ಅವಸರ ಮಾಡಿದರೆ ಏನಾಗುತ್ತದೆ ಅಂತ ಚೆನ್ನಾಗಿ ನೋಡಿದ್ದೇನೆ.

ಒಂದು ಡಿಸೆಂಬರ್. ಪುಣೆಯ ಚಳಿಯಲ್ಲಿ ಫಸ್ಟ್ ಶಿಫ್ಟಿಗೆ ಹೋದರೆ ಪಾನಾ ಹಿಡಿಯಲೂ ಬೆರಳು ಬಗ್ಗುತ್ತಿರಲಿಲ್ಲ. ಹೈಡ್ರಾಲಿಕ್ ಪ್ರೆಸ್ಸಿನ ಸಿಲಿಂಡರಿನಲ್ಲಿ ಹಳೇ ಓ-ರಿಂಗ್ ಇತ್ತು, ಎಣ್ಣೆ ಸೋರದ ಹಾಗೆ ಸಂದಿ ಮುಚ್ಚುವ, ಬಳೆಯಷ್ಟು ದೊಡ್ಡ ಕಪ್ಪು ರಬ್ಬರು. ಉಗುರಿನಿಂದ ಒತ್ತಿದೆ. ಗುರುತು ಬಿದ್ದದ್ದು ಹಾಗೇ ಉಳಿಯಿತು, ಮೇಲೆ ಏಳಲಿಲ್ಲ. ಬದಲಾಯಿಸೋಣ ಸಾಹೇಬ್ರೇ ಅಂದರೆ, 'ಚಾಲತೇ ರೇ (ನಡೆಯುತ್ತೆ ಬಿಡೋ), ಮಾಲು ಇವತ್ತೇ ಹೋಗಬೇಕು' ಅಂದರು. ತಾಸು ಕಳೆಯುವುದರೊಳಗೆ ಎಣ್ಣೆ ಪಿಚಕಾರಿಯ ಹಾಗೆ ಚಿಮ್ಮಿ ನನ್ನ ಅಂಗಿ, ನೆಲ, ಪ್ಯಾಕ್ ಮಾಡಿಟ್ಟ ಮಾಲು ಎಲ್ಲಾ ಹಾಳು. ಮಾಲು ಹೋದದ್ದು ಮೂರು ದಿನ ಬಿಟ್ಟು. ಯಾರಿಗೂ ಪೆಟ್ಟಾಗಲಿಲ್ಲ, ಅದೇ ಪುಣ್ಯ.

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಏಳು ಜನ ಸತ್ತದ್ದೂ ಓ-ರಿಂಗ್‌ನಿಂದಲೇ. ಉಡಾವಣೆಯ ಜಾಗವಾದ ಫ್ಲಾರಿಡಾದಲ್ಲಿ ಹಿಂದಿನ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ. ಈ ಚಳಿಗೆ ರಬ್ಬರು ಗಟ್ಟಿಯಾಗುತ್ತದೆ, ಸಂದಿ ಮುಚ್ಚುವುದಿಲ್ಲ, ಹಾರಿಸಬೇಡಿ ಅಂತ ನೌಕೆಯನ್ನು ಮೇಲೆತ್ತುವ ಬೂಸ್ಟರ್ ರಾಕೆಟ್ ತಯಾರಿಸಿದ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಹೇಳಿದ್ದರು. ಅದಾಗಲೇ ಹಲವು ಸಲ ಮುಂದಕ್ಕೆ ಹೋಗಿದ್ದ ಉಡಾವಣೆ, ಮೇಲಿನವರು ಕೇಳಲಿಲ್ಲ. ಹಾರಿದ 73 ಸೆಕೆಂಡಿಗೆ ಎಲ್ಲ ಮುಗಿಯಿತು. ಆಮೇಲೆ ವಿಚಾರಣೆಯಲ್ಲಿ ಫೈನ್‌ಮನ್ ಎಂಬ ಭೌತವಿಜ್ಞಾನಿ ಅದೇ ರಬ್ಬರಿನ ತುಂಡನ್ನು ಕ್ಲಾಂಪಿನಲ್ಲಿ ಬಿಗಿದು, ಐಸ್ ನೀರಿನ ಲೋಟದಲ್ಲಿ ಅದ್ದಿ ತೆಗೆದು, ನೋಡಿ ಇದು ಬೇಗ ಮೊದಲಿನ ಆಕಾರಕ್ಕೆ ಬರುವುದಿಲ್ಲ ಅಂತ ಎಲ್ಲರೆದುರು ತೋರಿಸಿದರು. ನಾವು ಉಗುರಿನಲ್ಲಿ ಒತ್ತಿ ನೋಡುವುದೂ ಅದನ್ನೇ ಅಲ್ವಾ?

ರಷ್ಯದವರದ್ದೂ ಇದೇ ಕಥೆ. 1971ರಲ್ಲಿ ಸೋಯುಜ್ 11 ನೌಕೆಯ ಮೂವರು ಗಗನಯಾತ್ರಿಗಳು ವಾಪಸ್ ಬರುವಾಗ ಒಂದು ವಾಲ್ವ್ ಮೇಲೆಯೇ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಹೊರಗೆ ಹೋಯಿತು. ನೌಕೆ ಪ್ಯಾರಾಚೂಟಿನಲ್ಲಿ ಸರಿಯಾಗಿಯೇ ಇಳಿಯಿತು, ಬಾಗಿಲು ತೆಗೆದರೆ ಯಾರೂ ಉಳಿದಿರಲಿಲ್ಲ. ಮೂವರು ಕೂರುವ ಇಕ್ಕಟ್ಟಿನಲ್ಲಿ ಒತ್ತಡ ತಡೆಯುವ ಸೂಟ್ ಹಾಕಿಕೊಳ್ಳಲು ಜಾಗವೇ ಇರಲಿಲ್ಲ. ಆಮೇಲೆ ಸೂಟ್ ಕಡ್ಡಾಯವಾಯಿತು, ಸೀಟು ಎರಡಕ್ಕೆ ಇಳಿಯಿತು. 1984ರಲ್ಲಿ ನಮ್ಮ ರಾಕೇಶ್ ಶರ್ಮಾ ಹೋಗುವ ಹೊತ್ತಿಗೆ ಮತ್ತೆ ಮೂರು ಸೀಟು, ಮೂವರಿಗೂ ಸೂಟು.

2023ರ ಅಕ್ಟೋಬರ್ 21ರಂದು ಗಗನಯಾನದ ಪರೀಕ್ಷಾ ರಾಕೆಟ್ಟನ್ನು ಮೊಮ್ಮಗಳ ಜೊತೆ ಟಿವಿಯಲ್ಲಿ ನೋಡುತ್ತಿದ್ದೆ. ಇನ್ನು ಐದೇ ಸೆಕೆಂಡು ಅನ್ನುವಾಗ ಕಂಪ್ಯೂಟರ್ ತಡೆದು ನಿಲ್ಲಿಸಿತು. 'ಫೇಲಾ ಅಜ್ಜಾ?' ಅಂದಳು. ಹತ್ತು ಗಂಟೆಗೆ ಹಾರಿತು. ರಾಕೆಟ್ ಕೆಟ್ಟರೆ ಒಳಗಿನವರನ್ನು ದೂರ ಎಳೆದೊಯ್ಯುವ ಏರ್ಪಾಡು ಸರಿಯಾಗಿ ಕೆಲಸ ಮಾಡಿತು. ಆದರೆ ಸಮುದ್ರಕ್ಕೆ ಬಿದ್ದ ಕ್ರೂ ಮಾಡ್ಯೂಲ್, ಅಂದರೆ ಜನ ಕೂರುವ ಭಾಗ, ಮಗುಚಿಕೊಂಡಿತ್ತು. ಒಳಗೆ ಜನ ಇದ್ದಿದ್ದರೆ ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡಬೇಕಿತ್ತು. ಖಾಲಿ ಇರುವಾಗಲೇ ಇದು ಗೊತ್ತಾದದ್ದು ಒಳ್ಳೆಯದಾಯಿತಲ್ಲ! 2025ರ ಜೂನ್‌ನಲ್ಲಿ ನಮ್ಮ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗುವ ಅಮೆರಿಕದ ಫಾಲ್ಕನ್ 9 ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರಿದಾಗಲೂ ನಮ್ಮ ಸೊಸೈಟಿಯಲ್ಲಿ 'ಇನ್ನೂ ಹಾರಲಿಲ್ಲೇನ್ರೀ' ಅಂತ ನಗುತ್ತಿದ್ದರು. ಸರಿ ಮಾಡಿಕೊಂಡು 25ಕ್ಕೆ ಹೋದರು, ಜುಲೈ 15ಕ್ಕೆ ಕ್ಷೇಮವಾಗಿ ಬಂದರು.

ಇಸ್ರೋದವರನ್ನು ಕೇಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಮನುಷ್ಯರನ್ನು 2022ಕ್ಕೆ ಕಳಿಸುತ್ತೇವೆ ಅಂತ 2018ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಕೆಂಪುಕೋಟೆಯಿಂದ ಹೇಳಿಬಿಟ್ಟದ್ದೇ ಜಾಸ್ತಿಯಾಯಿತು, ಇದೇನು ಮದುವೆ ಮುಹೂರ್ತವೇ? 2035ಕ್ಕೆ ಸ್ವಂತ ನಿಲ್ದಾಣ, 2040ಕ್ಕೆ ಚಂದ್ರ ಅಂತಲೂ ಹೇಳಿದ್ದಾರೆ. ಆಗಲಿ. ಮುಂದಿನ ಸಲ ತಾರೀಖು ಜಾರಿದರೆ ಯಾವ ಪರೀಕ್ಷೆ ಬಾಕಿ ಇದೆ, ಯಾವ ಭಾಗ ಕೈಕೊಟ್ಟಿದೆ, ಅದನ್ನು ಹೇಗೆ ಸರಿ ಮಾಡುತ್ತಾರೆ ಅಂತ ಬರೆಯಿರಿ. ಚಿತ್ರ ಹಾಕಿದರೆ ಇನ್ನೂ ಒಳ್ಳೆಯದು. ಭೋಸರಿ, ಚಿಂಚವಾಡದಲ್ಲಿ ಅದನ್ನು ಕತ್ತರಿಸಿ ಇಟ್ಟುಕೊಳ್ಳುವ ಫಿಟ್ಟರುಗಳು, ಟರ್ನರುಗಳು ಬೇಕಾದಷ್ಟು ಜನ ಇದ್ದೇವೆ.

ಒಬ್ಬ ನಿವೃತ್ತ ಫಿಟ್ಟರ್,
ಭೋಸರಿ, ಪುಣೆ