ಗಾಳಿ ನುಡಿಸುವ ಮರ: ಭಾನುವಾರ ಕಡಲತೀರದಲ್ಲಿ ಸೇರೋಣ

ಎಲ್ಲರಿಗೂ ನಮಸ್ಕಾರ.

ಮಗಳ ಮನೆಗೆ ಹೋದಾಗ ಇಂಗ್ಲೆಂಡಿನ ಬರ್ನ್‌ಲಿ ಪಟ್ಟಣದ ಮೇಲಿನ ಗುಡ್ಡದಲ್ಲಿರುವ 'ಸಿಂಗಿಂಗ್ ರಿಂಗಿಂಗ್ ಟ್ರೀ' ಶಿಲ್ಪವನ್ನು ನೋಡಿ ಬಂದೆ. ನೋಡಿ ಬಂದೆ ಎನ್ನುವುದಕ್ಕಿಂತ ಕೇಳಿ ಬಂದೆ ಎನ್ನಬೇಕು. ಮೈಕ್ ಟೊಂಕಿನ್ ಮತ್ತು ಅನ್ನಾ ಲಿಯು ಎಂಬ ವಾಸ್ತುಶಿಲ್ಪಿಗಳು 2006ರಲ್ಲಿ ರೂಪಿಸಿದ ಇದರ ಎತ್ತರ 3 ಮೀಟರ್. ಸತು ಲೇಪಿಸಿದ ಉಕ್ಕಿನ ಕೊಳವೆಗಳನ್ನು ಪದರ ಪದರವಾಗಿ ತಿರುಚಿ ಜೋಡಿಸಿದ್ದಾರೆ. ದೂರದಿಂದ ಗಾಳಿಗೆ ಬಾಗಿದ ಮರದಂತೆಯೇ ಕಾಣುತ್ತದೆ.

ಮನೆ ಬಾಗಿಲಿಗೆ ತೂಗುಹಾಕುವ ಗಾಳಿಗಂಟೆಯಲ್ಲಿ ಕೊಳವೆಗೆ ಪೆಟ್ಟು ಬೀಳಬೇಕು. ಇಲ್ಲಿ ಹಾಗಲ್ಲ, ಗಾಳಿಯೇ ಕೊಳವೆಯ ಬಾಯಿಯನ್ನು ಸವರಿ ಒಳಗಿನ ಗಾಳಿಯನ್ನು ಕಂಪಿಸುವಂತೆ ಮಾಡುತ್ತದೆ. ನಾನು ಹೋದಾಗ ಮೊದಲು ಸದ್ದೇ ಇರಲಿಲ್ಲ. ನಿಂತು ಕಾದೆ. ಗಾಳಿ ಬೀಸಿದ್ದೇ ತಡ, ದೂರದಲ್ಲಿ ಯಾರೋ ಶಂಖ ಊದಿದಂತೆ ಮಂದ್ರದಲ್ಲಿ ಶುರುವಾಗಿ ಮೈ ಜುಮ್ಮೆಂದಿತು. ನಮ್ಮ ಗಾಳಿಮರಗಳ ತೋಪಿನ ಮೊರೆತವೇ ನೆನಪಾಯಿತು. ಅಲ್ಲಿಗೆ ಹೋಗುವವರು ಗಾಳಿಯಿರುವ ದಿನವನ್ನೇ ಆರಿಸಿಕೊಳ್ಳಿ, ಬೆಚ್ಚನೆಯ ಕೋಟು ಮರೆಯಬೇಡಿ.

ಈ ಭಾನುವಾರ ಸಂಜೆ 5ಕ್ಕೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಯುದ್ಧನೌಕೆ ಸಂಗ್ರಹಾಲಯದ ಎದುರು ಸೇರೋಣ. ಧ್ವನಿಮುದ್ರಣ ಕೇಳಿಸುತ್ತೇನೆ. ಮಕ್ಕಳನ್ನು ಖಂಡಿತ ಕರೆತನ್ನಿ. ಒಂದು ತುದಿಯಲ್ಲಿ ಗಿಣ್ಣು ಉಳಿಸಿದ ಬಿದಿರಿನ ತುಂಡುಗಳು ಸಿಕ್ಕರೆ ತನ್ನಿ, ಬೇರೆ ಬೇರೆ ಉದ್ದದವು. ತೆರೆದ ಬಾಯಿಯ ಅಂಚಿಗೆ ಊದಿ ನುಡಿಸೋಣ, ಉದ್ದ ಹೆಚ್ಚಿದಷ್ಟೂ ಸ್ವರ ತಗ್ಗುತ್ತದೆ. ಬಾಯಿಯ ಅಂಚನ್ನು ಉಜ್ಜಿ ನಯಗೊಳಿಸಿ, ಮಕ್ಕಳ ತುಟಿಗೆ ಸಿಬಿರು ಚುಚ್ಚಬಾರದು.